ಮಿ ಸನ್: ಚಂಪಾ ದೇಶದ ಭದ್ರೇಶ್ವರ ಕ್ಷೇತ್ರ

ಮಿ ಸನ್ ಎಂಬುದು ವಿಯೆಟ್ನಾಮ್ ದೇಶದ ಮಧ್ಯಭಾಗದಲ್ಲಿ, ಇತ್ತೀಚಿನವರೆಗೆ ಕ್ವಾಂಗ್ ನಾಮ್ ಪ್ರಾಂತವೆನಿಸಿದ್ದ ಸೀಮೆಯಲ್ಲಿ, ದ ನಾಂಗ್ ನಗರಕ್ಕೆ ನೈಋತ್ಯವಾಗಿ ಸುಮಾರು 70 ಕಿ.ಮೀ. ದೂರದಲ್ಲಿರುವ ಶೈವ ದೇವಾಲಯಗಳ ಸಮುಚ್ಚಯ. ಸುತ್ತಲೂ ಬೆಟ್ಟಗಳಿಂದ ಆವೃತವಾದ ಕಾಡುಕಣಿವೆಯೊಂದರಲ್ಲಿ ಅಡಗಿರುವ ಈ ಸ್ಥಳದಲ್ಲಿ ಪ್ರಾಚೀನ ಚಂಪಾ ರಾಜ್ಯದ ಅರಸರು, ನಾಲ್ಕನೆಯ ಶತಮಾನದ ಕೊನೆಯಿಂದ ಮೊದಲ್ಗೊಂಡು ಹದಿಮೂರನೆಯ ಶತಮಾನದವರೆಗೆ, ವಂಶಗಳು ಅಳಿದು ರಾಜಧಾನಿಗಳು ಬದಲಾದರೂ ಭಕ್ತಿಯನ್ನು ಬದಲಿಸದೆ, ಭದ್ರೇಶ್ವರನೆಂಬ ಹೆಸರಿನ ಶಿವಲಿಂಗವನ್ನು ತಮ್ಮ ರಾಜ್ಯದ ಅಧಿದೈವವೆಂದು ಅರ್ಚಿಸಿದರು. ಅಂಗ್‌ಕೋರಿನ ವೈಭವವಾಗಲಿ ಜಾವಾದ ಪ್ರಾಂಬನನ್ನಿನ ಔನ್ನತ್ಯವಾಗಲಿ ಇಲ್ಲಿಲ್ಲ. ಆದರೆ ಆಗ್ನೇಯ ಏಷ್ಯದಲ್ಲಿ ಒಂದೇ ದೇವರಿಗೆ, ಒಂದೇ ಸ್ಥಳದಲ್ಲಿ, ಇಷ್ಟು ಶತಮಾನಗಳ ಕಾಲ ರಾಜಸೇವೆ ಸಂದ ನಿದರ್ಶನ ಬೇರೊಂದು ದೊರೆಯುವುದು ಕಷ್ಟ. ಎಪ್ಪತ್ತಕ್ಕೂ ಮಿಗಿಲಾಗಿದ್ದ ಇಟ್ಟಿಗೆಯ ಗುಡಿಗಳಲ್ಲಿ ಇಂದು ಆಕಾರವುಳಿಸಿಕೊಂಡು ನಿಂತಿರುವುವು ಇಪ್ಪತ್ತರಷ್ಟು. 1999ರಲ್ಲಿ ಯುನೆಸ್ಕೊ ಸಂಸ್ಥೆ ಇದನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು.

ಕಣಿವೆಯ ಅಗಲ ಎರಡು ಕಿಲೋಮೀಟರಿನಷ್ಟೇ. ದಕ್ಷಿಣದಲ್ಲಿ ಚೂಪಾದ ಶಿಖರವುಳ್ಳ ಬೆಟ್ಟವೊಂದು ಉಳಿದೆಲ್ಲ ಬೆಟ್ಟಗಳನ್ನೂ ಮೀರಿ ಎದ್ದಿದೆ. ಶಾಸನಗಳು ಮಹಾಪರ್ವತವೆಂದು ಕರೆಯುವುದು ಇದನ್ನೇ. ಖೆ ಥೆ ಎಂಬ ತೊರೆಯೊಂದು ಗುಡಿಗಳ ನಡುವೆ ಬಳಸಿ ಹರಿದು ಹೋಗುತ್ತದೆ. ಈ ನೀರು ಸೇರುವ ಥು ಬೋನ್ ನದಿ ಪ್ರಾಚೀನರಿಗೆ ಮಹಾನದಿಯಾಗಿತ್ತು. ಅದರ ಕೆಳದಡದಲ್ಲಿ, ದೇವಾಲಯಗಳಿಂದ ಹತ್ತು-ಹದಿನೈದು ಕಿಲೋಮೀಟರು ದೂರದಲ್ಲಿ, ಈಗಿನ ತ್ರಾ ಕ್ಯೂ ಗ್ರಾಮವಿರುವೆಡೆ ಸಿಂಹಪುರವೆಂಬ ರಾಜಧಾನಿಯಿದ್ದಿತು; ನದಿ ಸಮುದ್ರವನ್ನು ಕೂಡುವಲ್ಲಿ, ಮುಂದೆ ಹೊಯ್ ಆನ್ ಎಂದು ಪ್ರಸಿದ್ಧವಾದ ಪಟ್ಟಣದ ನೆರೆಯಲ್ಲಿ, ಅಗಿಲು ಮರ, ದಂತ, ಸಾಂಬಾರಗಳ ವ್ಯಾಪಾರ ನಡೆಯುತ್ತಿದ್ದ ರೇವಿದ್ದಿತು. ಬೆಟ್ಟದ ಬುಡದಲ್ಲಿ ದೇವರು, ನಡುಬಯಲಿನಲ್ಲಿ ಅರಸು, ಕಡಲ ತಡಿಯಲ್ಲಿ ವರ್ತಕ, ಈ ಮೂವರನ್ನೂ ಹೆಣೆಯುವ ಒಂದು ನದಿ: ಇದು ಚಂಪಾ ದೇಶದ ಭೂಗೋಳವೂ ಹೌದು, ರಾಜನೀತಿಯೂ ಹೌದು. ಅರಮನೆಯ ಬಾಗಿಲಿನಲ್ಲೇ ಗುಡಿಯನ್ನು ಕಟ್ಟಿಸಲು ಯಾವ ಅಡ್ಡಿಯೂ ಇಲ್ಲದಿದ್ದ ಅರಸನು ಅದನ್ನು ಕಾಡಿನ ಒಳಕ್ಕೆ, ಒಂದೇ ಕಿರಿದಾದ ಮಾರ್ಗದಿಂದ ಪ್ರವೇಶಿಸಬಹುದಾದ ಈ ಕಣಿವೆಗೆ ಒಯ್ದುದು ಬುದ್ಧಿಪೂರ್ವಕವಾದ ಆಯ್ಕೆಯೆಂಬುದರಲ್ಲಿ ಸಂದೇಹವಿಲ್ಲ. ಪರ್ವತವು ಗಿರೀಶನ ನೆಲೆ. ಅದರ ಎದುರಿಗೆ ಹೋಗಿ ನಿಲ್ಲಬೇಕಾದವನು ಅರಸನೇ. ಲಾವೋಸ್ ದೇಶದ ವಾಟ್ ಫೂ ಕ್ಷೇತ್ರದಲ್ಲಿಯೂ, ತುದಿಯಲ್ಲಿ ಲಿಂಗಾಕಾರದ ಬಂಡೆಯನ್ನು ಹೊತ್ತು ನಿಂತ ಲಿಂಗಪರ್ವತದ ತಪ್ಪಲಲ್ಲಿ, ಭದ್ರೇಶ್ವರನೆಂಬ ಹೆಸರಿನ ಶಿವನೇ ಪೂಜೆಗೊಳ್ಳುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಚಂಪಾ ಎಂಬ ಹೆಸರು ಅಂಗದೇಶದ ಚಂಪಾನಗರಿಯನ್ನು ಸ್ಮರಣೆಗೆ ತರುತ್ತದಾದರೂ ಅಲ್ಲಿನ ಚಾಮ್ ಜನರು ಭಾರತದಿಂದ ವಲಸೆ ಹೋದವರಲ್ಲ. ಅವರ ನುಡಿ ಮಲಯ, ಜಾವಾ ಭಾಷೆಗಳ ಬಂಧುವಾದ ಆಸ್ಟ್ರೊನೇಷ್ಯನ್ ಕುಲದ್ದು. ಅವರು ಸಾಗರವನ್ನು ಬಲ್ಲ ನಾವಿಕರು. ರಮೇಶಚಂದ್ರ ಮಜುಂದಾರರು 1927ರಲ್ಲಿ ಲಾಹೋರಿನಿಂದ ಪ್ರಕಟಿಸಿದ ಗ್ರಂಥದಲ್ಲಿ ಚಂಪಾ ರಾಜ್ಯವನ್ನು ಪ್ರಾಚೀನ ಭಾರತದ ವಸಾಹತುಗಳ ಸಾಲಿನಲ್ಲಿ ಇರಿಸಿದರು. ಪರಾಧೀನವಾಗಿದ್ದ ನಾಡಿನ ವಿದ್ವಾಂಸನಿಗೆ ಆ ಭಾವನೆ ಸಹಜವೇ ಆಗಿದ್ದಿತು, ಮತ್ತು ಚಂಪಾ ಶಾಸನಗಳ ಪಾಠಗಳನ್ನು ಭಾರತೀಯ ಓದುಗರ ಕೈಗಿತ್ತ ಅವರ ಉಪಕಾರ ಇಂದಿಗೂ ಸಲ್ಲುವಂಥದು. ಆದರೆ ಶಾಸನಗಳನ್ನೇ ಕೇಳಿದರೆ ಬೇರೊಂದು ಚಿತ್ರ ಮೂಡುತ್ತದೆ. ತ್ರಾ ಕ್ಯೂ ಗ್ರಾಮದ ಬಳಿಯ ದೊಂಗ್ ಯೆನ್ ಚಾವ್ ಎಂಬಲ್ಲಿ ದೊರೆತ ಸಣ್ಣ ಶಾಸನವು ಸಂಸ್ಕೃತದಲ್ಲಿರದೆ ಪ್ರಾಚೀನ ಚಾಮ್ ಭಾಷೆಯಲ್ಲಿದೆ. ನಾಲ್ಕನೆಯ ಶತಮಾನದ್ದೆಂದು ಎಣಿಸಲಾಗುವ ಇದು ಆಸ್ಟ್ರೊನೇಷ್ಯನ್ ಕುಲದ ಯಾವುದೇ ಭಾಷೆಯ ಅತಿ ಪುರಾತನ ಬರೆಹವೆಂಬ ಮನ್ನಣೆಯನ್ನು ಪಡೆದಿದೆ. ಅದರ ವಸ್ತು ಅರಸನ ನಾಗನನ್ನು ಗೌರವಿಸಬೇಕೆಂಬ ಆಜ್ಞೆ. ಕನ್ನಡದ ಹಲ್ಮಿಡಿ ಶಾಸನಕ್ಕೂ ಹಿಂದೆ, ದಕ್ಷಿಣ ಭಾರತದ ಲಿಪಿಯನ್ನು ಕಲಿತು, ಆ ಲಿಪಿಯಲ್ಲಿ ಸ್ವಂತ ನುಡಿಯನ್ನೂ ಬರೆದ ಜನರನ್ನು ಪರರ ವಸಾಹತಿನ ಪ್ರಜೆಗಳೆನ್ನುವುದು ಯುಕ್ತವಲ್ಲ. ದೇವರ ಹೆಸರನ್ನೂ ಸ್ತುತಿಯ ಭಾಷೆಯನ್ನೂ ಅವರು ಸಮುದ್ರದಾಚೆಯಿಂದ ತಂದರು; ಬೆಟ್ಟ, ನದಿ, ನಾಗ, ಅರಸು ಎಲ್ಲವೂ ಅವರವೇ ಆಗಿದ್ದುವು.

ಕ್ಷೇತ್ರದ ಸ್ಥಾಪಕನು ಒಂದನೆಯ ಭದ್ರವರ್ಮ. ಚೀನೀ ಇತಿಹಾಸಕಾರರು ಹೆಸರಿಸುವ ಅರಸನೊಬ್ಬನೊಡನೆ ಇವನನ್ನು ಅಭಿನ್ನವೆಂದು ಭಾವಿಸಿ ಇವನ ಆಳಿಕೆಯನ್ನು 380ರಿಂದ 413ರವರೆಗೆ ಎಂದು ಹೇಳುವ ವಾಡಿಕೆಯುಂಟು. ಶಾಸನದಲ್ಲಿ ಕಾಲನಿರ್ದೇಶವಿಲ್ಲವಾಗಿ ಲಿಪಿಯೊಂದೇ ಆಧಾರ, ಮತ್ತು ಕೆಲವು ವಿದ್ವಾಂಸರು ಇವನನ್ನು ಐದನೆಯ ಶತಮಾನಕ್ಕೆ ಇಳಿಸುತ್ತಾರೆ. ಹೇಗಿದ್ದರೂ ಬನವಾಸಿಯ ಆದಿಕದಂಬರಿಗೂ ಇವನಿಗೂ ಕಾಲದ ಅಂತರ ಹೆಚ್ಚಿನದಲ್ಲ. ಮಿ ಸನ್ನಿನಲ್ಲಿ ಇವನು ನೆಡಿಸಿದ ಸಂಸ್ಕೃತ ಶಾಸನವು ಮಹೇಶ್ವರನಿಗೂ ಉಮೆಗೂ ನಮಸ್ಕರಿಸಿ, ಬ್ರಹ್ಮ ವಿಷ್ಣುಗಳನ್ನು ಸ್ಮರಿಸಿ, ಪೃಥ್ವಿ, ವಾಯು, ಆಕಾಶ, ಜಲ, ಅಗ್ನಿಗಳಿಗೂ ವಂದನೆ ಸಲ್ಲಿಸಿದ ಬಳಿಕ, ಭದ್ರೇಶ್ವರ ಸ್ವಾಮಿಗೆ ಬಿಟ್ಟ ಭೂಮಿಯ ಎಲ್ಲೆಗಳನ್ನು ನಿರೂಪಿಸುತ್ತದೆ. ದಕ್ಷಿಣಕ್ಕೆ ಮಹಾಪರ್ವತ, ಉತ್ತರಕ್ಕೆ ಮಹಾನದಿ, ಪೂರ್ವಪಶ್ಚಿಮಗಳಲ್ಲಿ ಹೆಸರುಳ್ಳ ಎರಡು ಬೆಟ್ಟಗಳು; ಎಂದರೆ ಇಡೀ ಕಣಿವೆಯೇ, ಅದರೊಳಗಿನ ನಿವಾಸಿಗಳ ಸಹಿತವಾಗಿ, ದೇವರ ಸ್ವತ್ತಾಯಿತು. ಬೆಳೆಯಲ್ಲಿ ವಾಡಿಕೆಯಾದ ಷಷ್ಠಾಂಶದ ಬದಲು ದಶಾಂಶವನ್ನು ಮಾತ್ರ ದೇವರಿಗೆ ಸಲ್ಲಿಸತಕ್ಕದ್ದೆಂದು ಒಕ್ಕಲುಗಳಿಗೆ ರಿಯಾಯಿತಿಯನ್ನೂ ಅರಸನು ತೋರಿದನು. ಕೊನೆಯಲ್ಲಿ ಮುಂಬರುವ ರಾಜರಿಗೆ ವಿನಂತಿ: ತನ್ನ ಮೇಲಿನ ಕರುಣೆಯಿಂದಲಾದರೂ ಈ ದತ್ತಿಯನ್ನು ಕೆಡಿಸದಿರಬೇಕು, ಕೆಡಿಸಿದಲ್ಲಿ ಅವರ ಪುಣ್ಯವೆಲ್ಲ ತನಗೆ, ತನ್ನ ಪಾಪವೆಲ್ಲ ಅವರಿಗೆ. ದತ್ತಿಯನ್ನಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಶಪಿಸುವ ಕನ್ನಡ ಶಾಸನಗಳನ್ನು ಓದಿ ರೂಢಿಯಾದವರಿಗೆ ಈ ಪ್ರಾರ್ಥನೆಯ ದೈನ್ಯ ಕೊಂಚ ಅಪರಿಚಿತವಾಗಿ ತೋರೀತು.

ಅರಸನ ಹೆಸರಿನ ಪೂರ್ವಪದಕ್ಕೆ ಈಶ್ವರ ಶಬ್ದವನ್ನು ಕೂಡಿಸಿ ಲಿಂಗಕ್ಕೆ ನಾಮಕರಣ ಮಾಡುವ ಪದ್ಧತಿ ನಮಗೆ ಹೊಸತಲ್ಲ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯನು ಕಟ್ಟಿಸಿದ ಗುಡಿ ವಿಜಯೇಶ್ವರವೆಂದೂ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರವೆಂದೂ ಕರೆಯಿಸಿಕೊಂಡುವು. ಕಾಲಾಂತರದಲ್ಲಿ ಅವು ಸಂಗಮೇಶ್ವರ, ವಿರೂಪಾಕ್ಷಗಳಾದುವು, ಒಡೆಯರ ಹೆಸರುಗಳು ಶಾಸನಗಳಲ್ಲಿ ಮಾತ್ರ ಉಳಿದುವು. ಚಂಪಾ ದೇಶದಲ್ಲಿ ನಡೆದದ್ದು ಇದಕ್ಕೆ ವಿಪರೀತ. ಅಲ್ಲಿ ಭದ್ರವರ್ಮನ ಹೆಸರು ದೇವರಿಂದ ಕಳಚಿ ಬೀಳಲೇ ಇಲ್ಲ. ಮುಂದಿನ ಅರಸರು ತಂತಮ್ಮ ಹೆಸರುಗಳನ್ನು ಅದರ ಮುಂದೆ ಸೇರಿಸುತ್ತ ಹೋದರು. ಹೀಗೆ ಭದ್ರೇಶ್ವರನು ಶಂಭುಭದ್ರೇಶ್ವರನಾದನು. ಆನಂತರದ ಶತಮಾನಗಳಲ್ಲಿ ಶ್ರೀಶಾನಭದ್ರೇಶ್ವರನಾದನು. ಸಿಂಹಾಸನವು ಒಂದು ವಂಶದಿಂದ ಇನ್ನೊಂದಕ್ಕೆ ದಾಟಿದರೂ, ಹೊಸಬನು ತಾನು ಹಳೆಯ ದೇವರ ಸೇವಕನೆಂದು ತೋರಿಸಿಕೊಂಡಲ್ಲದೆ ಅರಸೆನಿಸಿಕೊಳ್ಳಲಾರದಾದನು.

ಭದ್ರವರ್ಮನ ಗುಡಿ ಮರದ್ದಾಗಿದ್ದಿತು. ಆರನೆಯ ಶತಮಾನದಲ್ಲಿ, ರುದ್ರವರ್ಮನ ಆಳಿಕೆಯಲ್ಲಿ, ಅದು ಬೆಂಕಿಗೆ ಆಹುತಿಯಾಯಿತು. ಅವನ ಮಗ ಶಂಭುವರ್ಮನು ದೇವಾಲಯವನ್ನು ಪುನಃ ನಿರ್ಮಿಸಿ ಲಿಂಗವನ್ನು ಶಂಭುಭದ್ರೇಶ್ವರನೆಂಬ ಹೆಸರಿನಿಂದ ಪ್ರತಿಷ್ಠಿಸಿದನೆಂದು ಅವನ ಶಾಸನ ಹೇಳುತ್ತದೆ. ಇದೇ ಶಂಭುವರ್ಮನ ಕಾಲದಲ್ಲಿ, 605ರಲ್ಲಿ, ಚೀನದ ಸುಯಿ ಚಕ್ರವರ್ತಿಯ ದಳಪತಿ ಲಿಯು ಫಾಂಗನು ದಂಡೆತ್ತಿ ಬಂದು ರಾಜಧಾನಿಯನ್ನು ಸೂರೆಗೊಂಡನು. ಅವನು ಒಯ್ದ ವಸ್ತುಗಳಲ್ಲಿ ಹಿಂದಿನ ಹದಿನೆಂಟು ಅರಸರ ಸುವರ್ಣಫಲಕಗಳೂ ಸಾವಿರದ ಮುನ್ನೂರಕ್ಕೆ ಮೀರಿದ ಬೌದ್ಧ ಗ್ರಂಥಗಳೂ ಇದ್ದುವು. ಶಿವನನ್ನು ರಾಷ್ಟ್ರದೇವತೆಯಾಗಿ ಪೂಜಿಸಿದ ನಗರದಲ್ಲಿ ಬೌದ್ಧ ಗ್ರಂಥಭಂಡಾರ ಅಷ್ಟು ದೊಡ್ಡದಾಗಿದ್ದಿತೆಂಬ ಸಂಗತಿ ಶತ್ರುವಿನ ಕೊಳ್ಳೆಯ ಪಟ್ಟಿಯಿಂದಲೇ ನಮಗೆ ತಿಳಿಯಬೇಕಾಯಿತು.

ಮಿ ಸನ್ನಿನಲ್ಲಿ ದೊರೆತಿರುವ ಮೂವತ್ತರಷ್ಟು ಶಾಸನಗಳಲ್ಲಿ ಇತಿಹಾಸಕಾರನನ್ನು ಅತ್ಯಂತ ಆಕರ್ಷಿಸತಕ್ಕುದು ಪ್ರಕಾಶಧರ್ಮನದು. ಶಕವರ್ಷ 579ರಲ್ಲಿ, ಎಂದರೆ ಕ್ರಿ.ಶ. 657-58ರಲ್ಲಿ, ಬರೆಯಿಸಲಾದ ಈ ಸಂಸ್ಕೃತ ಪ್ರಶಸ್ತಿಯು ಅರಸನ ವಂಶಾವಳಿಯನ್ನು ಹೇಳುತ್ತ, ಪೂರ್ವಿಕನಾದ ಗಂಗಾರಾಜನೆಂಬವನು ಗಂಗೆಯ ದರ್ಶನವೇ ಪರಮಸುಖವೆಂದು ಬಗೆದು, ತ್ಯಜಿಸಲು ದುಷ್ಕರವಾದ ರಾಜ್ಯವನ್ನು ತ್ಯಜಿಸಿ ಜಾಹ್ನವಿಯ ತೀರಕ್ಕೆ ಹೋದನೆಂದು ವರ್ಣಿಸುತ್ತದೆ. ಸಾವಿರಾರು ಮೈಲಿಗಳ ಸಮುದ್ರಯಾನ ಮಾಡಿ ಗಂಗಾಸ್ನಾನಕ್ಕೆ ಬಂದ ಅರಸನೊಬ್ಬನಿದ್ದನೆಂಬುದೇ ವಿಸ್ಮಯ. ಅದೇ ಶಾಸನವು ಪ್ರಕಾಶಧರ್ಮನಿಗೆ ತಾಯಿಯ ಕಡೆಯಿಂದ ನೆರೆಯ ಖ್ಮೇರ್ ದೇಶದ ರಾಜ ಈಶಾನವರ್ಮನ ಸಂಬಂಧವಿದ್ದುದನ್ನು ತಿಳಿಸುವ ಸಂದರ್ಭದಲ್ಲಿ, ಖ್ಮೇರರ ಭವಪುರದ ಸ್ಥಾಪನೆಯ ಕಥೆಯನ್ನು ಉಲ್ಲೇಖಿಸುತ್ತದೆ: ದ್ರೋಣಪುತ್ರನಾದ ಅಶ್ವತ್ಥಾಮನಿಂದ ಪಡೆದ ಭರ್ಜಿಯನ್ನು ಕೌಂಡಿನ್ಯನೆಂಬ ಬ್ರಾಹ್ಮಣನು ಅಲ್ಲಿ ನೆಟ್ಟನು, ಸೋಮಾ ಎಂಬ ನಾಗಕನ್ಯೆಯನ್ನು ವರಿಸಿದನು, ಅವರಿಂದ ರಾಜಕುಲ ಬೆಳೆಯಿತು. ಕುರುಕ್ಷೇತ್ರದ ರಾತ್ರಿಯ ಸಂಹಾರದ ಬಳಿಕ ಕೃಷ್ಣಶಾಪಗ್ರಸ್ತನಾಗಿ ಅಲೆಯುವ ಚಿರಂಜೀವಿಯೆಂದಷ್ಟೇ ನಾವು ಬಲ್ಲ ಅಶ್ವತ್ಥಾಮನು, ಮೆಕಾಂಗ್ ನದಿಯ ನಾಡಿನಲ್ಲಿ ರಾಜವಂಶವೊಂದಕ್ಕೆ ಆಯುಧವನ್ನು ಅನುಗ್ರಹಿಸಿದವನಾಗಿ ಕಾಣಿಸಿಕೊಳ್ಳುವುದು ಮಹಾಭಾರತದ ಸಂಚಾರಕ್ಕೆ ಎಲ್ಲೆಯಿಲ್ಲವೆಂಬುದನ್ನು ತೋರಿಸುತ್ತದೆ. ಖ್ಮೇರ್ ರಾಜಕುಲದ ಮೂಲವನ್ನು ಕುರಿತ ಈ ಕಥೆಯ ಪ್ರಾಚೀನ ಸಂಸ್ಕೃತ ಪಾಠ ಖ್ಮೇರ್ ದೇಶದಲ್ಲಿ ದೊರೆಯದೆ, ಮುಂದೆ ಅದರ ಬದ್ಧವೈರಿಯಾದ ಚಂಪಾದ ಕಾಡಿನಲ್ಲಿ ಉಳಿದುಬಂದಿತೆಂಬುದೂ ಗಮನಾರ್ಹ.

ಪ್ರಕಾಶಧರ್ಮನ ಕಾಲದಿಂದೀಚೆಗೆ ಶಿಲ್ಪದ ಇತಿಹಾಸ ಸ್ಪಷ್ಟವಾಗುತ್ತದೆ. ಇ-1 ಎಂದು ಸಂಶೋಧಕರು ಗುರುತಿಟ್ಟಿರುವ ಗುಡಿಯ ಮೇಲ್ಕಟ್ಟು ಬಹುಮಟ್ಟಿಗೆ ನಾಶವಾಗಿದೆ. ಆದರೆ ಅದರ ಗರ್ಭಗೃಹದಲ್ಲಿ ಲಿಂಗವನ್ನು ಧರಿಸಿದ್ದ ಮರಳುಗಲ್ಲಿನ ಪೀಠ ದ ನಾಂಗ್ ವಸ್ತುಸಂಗ್ರಹಾಲಯದಲ್ಲಿದೆ. ಏಳನೆಯ ಶತಮಾನದ ಕೊನೆಗೂ ಎಂಟನೆಯದರ ಆದಿಗೂ ಸೇರಿದ ಈ ಪೀಠವನ್ನು ಚಂಪಾ ಕಲೆಯ ಅತ್ಯುತ್ತಮ ಕೃತಿಗಳಲ್ಲೊಂದೆಂದು ಎಣಿಸಲು ಅಳುಕಬೇಕಾದುದಿಲ್ಲ. ಲಿಂಗವು ಶಿವನಾದರೆ ಪೀಠವು ಕೈಲಾಸ. ಆದುದರಿಂದ ಅದರ ಸುತ್ತಲ ಮಾಡಗಳಲ್ಲಿ ಆ ಪರ್ವತವಾಸಿಗಳಾದ ತಪಸ್ವಿಗಳ ದಿನಚರಿ ಕೆತ್ತಲ್ಪಟ್ಟಿದೆ. ಒಬ್ಬನು ಕೊಳಲನ್ನೂದುತ್ತಾನೆ, ಇನ್ನೊಬ್ಬನು ವೀಣೆ ಹಿಡಿದಿದ್ದಾನೆ, ಒಬ್ಬ ಗುರು ಶಿಷ್ಯನಿಗೆ ಬೋಧಿಸುತ್ತಿದ್ದಾನೆ, ಮತ್ತೊಬ್ಬನು ಸಹವಾಸಿಯ ಮೈಯೊತ್ತಿ ದಣಿವಾರಿಸುತ್ತಿದ್ದಾನೆ. ಉಗ್ರತಪಸ್ಸಿನ ಕಠೋರತೆಯನ್ನು ಬಿಟ್ಟು ಆಶ್ರಮದ ಸಾವಧಾನವನ್ನು ಕಂಡರಿಸಿದ ಈ ಶಿಲ್ಪಿ, ಕಣಿವೆಯಲ್ಲಿ ವಾಸಿಸುತ್ತಿದ್ದ ನಿಜವಾದ ವ್ರತಿಗಳನ್ನು ನೋಡಿಯೇ ಕೆತ್ತಿರಬೇಕೆನ್ನಿಸುತ್ತದೆ. ಮೆಟ್ಟಿಲಿನ ಮೇಲಿನ ನರ್ತಕರ ಭಂಗಿಗಳಲ್ಲಿಯೂ ಅದೇ ಲಘುತ್ವ. ಇದೇ ಗುಡಿಯ ಬಾಗಿಲ ಮೇಲಣ ಶಿಲಾಫಲಕದಲ್ಲಿ ಶೇಷಶಾಯಿಯಾದ ವಿಷ್ಣುವಿನ ನಾಭಿಕಮಲದಿಂದ ಬ್ರಹ್ಮನು ಉದ್ಭವಿಸುವ ದೃಶ್ಯವಿದ್ದಿತು. ಶಿವಾಲಯದ ದ್ವಾರದಲ್ಲಿ ಇದನ್ನು ಇರಿಸಲು ಚಾಮರಿಗೆ ಯಾವ ಸಂಕೋಚವೂ ಇರಲಿಲ್ಲ.

875ರಲ್ಲಿ ಎರಡನೆಯ ಇಂದ್ರವರ್ಮನು, ಮಿ ಸನ್ನಿಗೆ ದೂರವಲ್ಲದ ದೊಂಗ್ ದುವೊಂಗ್‌ನಲ್ಲಿ, ಲಕ್ಷ್ಮೀಂದ್ರ ಲೋಕೇಶ್ವರನೆಂಬ ಬೋಧಿಸತ್ವನಿಗೆ ಮಹಾವಿಹಾರವನ್ನು ಕಟ್ಟಿಸಿದನು. ಬೌದ್ಧವಿಹಾರದ ಶಾಸನವಾದರೂ ಅದು ಶಂಭುಭದ್ರೇಶ್ವರನ ಸ್ತುತಿಯನ್ನು ಮರೆಯುವುದಿಲ್ಲ: ಶಿವನು ಭೃಗುವಿಗೆ ಕೊಟ್ಟ ಲಿಂಗ, ಭೃಗುವಿನಿಂದ ಉರೋಜನಿಗೆ ಬಂದಿತೆಂದೂ ಆ ಉರೋಜನೇ ರಾಜಕುಲದ ಆದಿಪುರುಷನೆಂದೂ ಹೇಳುತ್ತದೆ. ಅರಸನ ಆತ್ಮಶ್ರೇಯಸ್ಸಿಗೆ ಲೋಕೇಶ್ವರ, ರಾಜ್ಯದ ಅಸ್ತಿತ್ವಕ್ಕೆ ಭದ್ರೇಶ್ವರ. ಹತ್ತನೆಯ ಶತಮಾನದಲ್ಲಿ ಅರಸರು ಮರಳಿ ಮಿ ಸನ್ನಿನತ್ತ ಪೂರ್ಣಮನಸ್ಸಿನಿಂದ ಹೊರಳಿದಾಗ ಈ ಕ್ಷೇತ್ರ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಆ ಕಾಲದ ಎ-1 ಗುಡಿ ಇಪ್ಪತ್ತು ಮೀಟರಿಗೂ ಮೀರಿದ ಎತ್ತರದ್ದಾಗಿದ್ದಿತು. ಉಳಿದ ಬಹುತೇಕ ಗುಡಿಗಳಿಗೆ ಒಂದೊಂದೇ ಬಾಗಿಲಿದ್ದರೆ ಇದಕ್ಕೆ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಎರಡು ಬಾಗಿಲುಗಳಿದ್ದುವು. ಚಂಪಾ ಕಲೆಯ ಶೈಲಿಗಳನ್ನು ವರ್ಗೀಕರಿಸಿ 1942ರಲ್ಲಿ ಗ್ರಂಥವನ್ನು ಪ್ರಕಟಿಸಿದ ಫ್ರೆಂಚ್ ವಿದ್ವಾಂಸ ಫಿಲಿಪ್ ಸ್ಟರ್ನ್ ಒಂದು ಶೈಲಿಗೆ ಈ ಗುಡಿಯ ಹೆಸರನ್ನೇ ಇಟ್ಟನು. ಅಲಂಕಾರವು ರಚನೆಯನ್ನು ಮುಚ್ಚದೆ, ಗೋಡೆಯ ಅರೆಗಂಬಗಳ ಲಂಬರೇಖೆಗಳನ್ನು ಎತ್ತಿ ಹಿಡಿಯುತ್ತ, ಅಂತಸ್ತಿನಿಂದ ಅಂತಸ್ತಿಗೆ ಕಿರಿದಾಗುತ್ತ ಶಿಖರವನ್ನು ಸೇರುವ ಆ ಸಂಯಮವನ್ನು, ಗುಡಿ ನಾಶವಾಗಿರುವುದರಿಂದ, ಈಗ ಛಾಯಾಚಿತ್ರಗಳಲ್ಲಿ ಮಾತ್ರ ಕಾಣಬಹುದಾಗಿದೆ.

ಚಾಮರು ಪ್ರಧಾನ ಗುಡಿಯನ್ನು ಕಲನ್ ಎಂದು ಕರೆಯುತ್ತಾರೆ. ಚೌಕವಾದ ತಳ, ಇಕ್ಕಟ್ಟಾದ ಗರ್ಭಗೃಹ, ಬಹುತೇಕ ಪೂರ್ವಾಭಿಮುಖವಾದ ದ್ವಾರ, ಉಳಿದ ಮೂರು ದಿಕ್ಕುಗಳಲ್ಲಿ ಹುಸಿಬಾಗಿಲುಗಳು, ಮೇಲೆ ಮೂರು ಅಂತಸ್ತಿನ ಶಿಖರ. ಅದರ ಮುಂದೆ ಪ್ರಾಕಾರದ ಗೋಪುರ, ಗೋಪುರದ ಹೊರಗೆ ಭಕ್ತರು ನೆರೆಯುವ ಉದ್ದನೆಯ ಮಂಟಪ, ಪಕ್ಕದಲ್ಲಿ ದೇವರ ಒಡವೆವಸ್ತುಗಳನ್ನು ಇಡುವ ಕೋಶಗೃಹ, ಸುತ್ತಲೂ ಪರಿವಾರದೇವತೆಗಳ ಪುಟ್ಟ ಗುಡಿಗಳು. ಇವುಗಳಲ್ಲಿ ಕೋಶಗೃಹದ ರೂಪ ನಮಗೆ ಅಪೂರ್ವ: ಬಿ-5 ಎಂಬ, ಇಂದಿಗೂ ಸುಸ್ಥಿತಿಯಲ್ಲಿರುವ ಕಟ್ಟಡದ ಛಾವಣಿ ಮಗುಚಿದ ದೋಣಿಯ ಬೆನ್ನಿನಂತೆ ಬಾಗಿದೆ, ಮತ್ತು ಅದರ ಗೋಡೆಯಲ್ಲಿ ಎರಡು ಆನೆಗಳು ಒಂದು ಮರದಡಿ ಸೊಂಡಿಲುಗಳನ್ನು ಹೆಣೆದು ನಿಂತಿವೆ. ಛಾವಣಿಯ ಈ ಆಕಾರದಲ್ಲಿ ಸಮುದ್ರಜೀವಿಗಳಾದ ಆ ಜನರ ಮನೆಗಟ್ಟುವ ಹಳೆಯ ರೀತಿಯನ್ನು ಕೆಲವರು ಗುರುತಿಸಿದ್ದಾರೆ.

ಕಟ್ಟಡದ ದ್ರವ್ಯ ಇಟ್ಟಿಗೆ. ಕಂಬ, ಹೊಸ್ತಿಲು, ಬಾಗಿಲ ಮೇಲಣ ಫಲಕ, ಪೀಠ ಇವಕ್ಕೆ ಮಾತ್ರ ಮರಳುಗಲ್ಲನ್ನು ಬಳಸಿದರು. ಒಂದರ ಮೇಲೊಂದನ್ನು ಕೊಂಚಕೊಂಚವೇ ಒಳಕ್ಕೆ ಚಾಚಿ ಇಟ್ಟಿಗೆಗಳನ್ನು ಪೇರಿಸಿ, ಎತ್ತರದಲ್ಲಿ ನಾಲ್ಕೂ ಗೋಡೆಗಳು ಕೂಡುವಂತೆ ಮಾಡಿ, ಗರ್ಭಗೃಹದ ಮೇಲೆ ಟೊಳ್ಳಾದ ಕತ್ತಲ ಗೂಡನ್ನು ನಿರ್ಮಿಸಿದರು. ನಿಜವಾದ ಕಮಾನು ಅವರಲ್ಲಿರಲಿಲ್ಲ. ನೋಡುವವರನ್ನು ಬೆರಗುಗೊಳಿಸುವುದು ಇಟ್ಟಿಗೆಗಳ ಸಂದು. ಗಾರೆಯ ಗೆರೆಯೆಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಇಟ್ಟಿಗೆ ಮತ್ತೊಂದಕ್ಕೆ ಉಜ್ಜಿ ಕೂಡಿಸಿದಂತೆ ಅಂಟಿದೆ. ಬಿರುಸಾಗಿ ಸುಡದ ಮೆದು ಇಟ್ಟಿಗೆಗಳನ್ನು ಪರಸ್ಪರ ತೇಯ್ದು, ಆ ಪ್ರದೇಶದ ಕಾಡಿನ ಎಣ್ಣೆಮರಗಳಿಂದ ಒಸರುವ ರಾಳದಿಂದ ಬೆಸೆದರೆಂಬುದು ಬಹುಕಾಲದಿಂದ ಪ್ರಚಲಿತವಾದ ಅಭಿಪ್ರಾಯ. ಹಸಿ ಇಟ್ಟಿಗೆಯಲ್ಲಿ ಗುಡಿಯನ್ನು ಕಟ್ಟಿ ಮುಗಿಸಿ, ಸುತ್ತಲೂ ಸೌದೆಯೊಟ್ಟಿ, ಇಡೀ ಗೋಪುರವನ್ನೇ ಆವಿಗೆಯಂತೆ ಸುಟ್ಟರೆಂಬ ಊಹೆಯೂ ಒಮ್ಮೆ ಹುಟ್ಟಿ, ಕೇಳಲು ರಮ್ಯವಾಗಿದ್ದರೂ ಪರೀಕ್ಷೆಯಲ್ಲಿ ನಿಲ್ಲಲಾರದೆ ಹೋಯಿತು. ಗೋಡೆ ಎದ್ದ ಮೇಲೆ ಶಿಲ್ಪಿಯು ಅದರ ಮೇಲೆಯೇ ಉಳಿಯನ್ನಾಡಿಸಿ, ಕೈಮುಗಿದು ನಿಂತ ದೇವತೆಗಳನ್ನೂ ಬಳ್ಳಿಗಳನ್ನೂ ಇಟ್ಟಿಗೆಯಲ್ಲಿ ಕೊರೆದನೆಂಬುದಕ್ಕೆ ಅರ್ಧಕ್ಕೆ ಬಿಟ್ಟ ಕೆತ್ತನೆಗಳು ಸಾಕ್ಷಿಯಾಗಿವೆ. ಕಲ್ಲಿನಲ್ಲಿ ತಪ್ಪಿದರೆ ಕಲ್ಲನ್ನು ಬದಲಿಸಬಹುದು. ಕಟ್ಟಿ ನಿಂತ ಗೋಡೆಯಲ್ಲಿ ತಪ್ಪಲು ಅವಕಾಶವಿಲ್ಲ. ಆಧುನಿಕರು ದುರಸ್ತಿಗಾಗಿ ಸೇರಿಸಿದ ಇಟ್ಟಿಗೆಗಳು ಕೆಲವೇ ವರ್ಷಗಳಲ್ಲಿ ಹಾವಸೆಗಟ್ಟಿ, ಉಪ್ಪು ಹೂತು ಬಣ್ಣಗೆಟ್ಟುದನ್ನೂ, ಪಕ್ಕದಲ್ಲೇ ಸಾವಿರ ವರ್ಷದ ಇಟ್ಟಿಗೆ ಕೆಂಪಾಗಿಯೇ ಇರುವುದನ್ನೂ ಕಂಡ ಮೇಲೆ ಆ ಕುಶಲಿಗಳ ವಿದ್ಯೆಗೆ ತಲೆಬಾಗದೆ ವಿಧಿಯಿಲ್ಲ.

ಆರಾಧನೆಯ ವಿಧಿಯಲ್ಲಿ ಚಂಪಾಕ್ಕೆ ವಿಶಿಷ್ಟವಾದುದು ಕೋಶ. ಲಿಂಗಕ್ಕೆ ತೊಡಿಸುವ, ಮುಖವುಳ್ಳ ಚಿನ್ನಬೆಳ್ಳಿಗಳ ಕವಚವಿದು. ನಮ್ಮ ಶಿವಾಲಯಗಳಲ್ಲಿ ಹಬ್ಬಹರಿದಿನಗಳಂದು ಲಿಂಗಕ್ಕೇರಿಸುವ ಮುಖವಾಡದ ಬಳಗಕ್ಕೆ ಸೇರಿದ್ದೆನ್ನಬಹುದು. ಕೋಶವನ್ನೂ ಕಿರೀಟವನ್ನೂ ದೇವರಿಗೆ ಒಪ್ಪಿಸಿದ ವಾರ್ತೆಯನ್ನು ಏಳನೆಯ ಶತಮಾನದಿಂದಲೇ ಶಾಸನಗಳು ಸಂಭ್ರಮದಿಂದ ಹಾಡುತ್ತವೆ. ಪಟ್ಟವೇರಿದ ಅರಸನಿಗೆ ಇದು ಬರಿಯ ಭಕ್ತಿಕಾರ್ಯವಾಗಿರಲಿಲ್ಲ, ಅಧಿಕಾರದ ಮುದ್ರೆಯೂ ಆಗಿದ್ದಿತು. ಆದರೆ ಚಿನ್ನವಿದ್ದಲ್ಲಿಗೆ ಕಳ್ಳರೂ ಶತ್ರುಗಳೂ ದಾರಿ ಕಂಡುಕೊಳ್ಳುತ್ತಾರೆ. ಆ ಕೋಶಗಳ ಬಹುಭಾಗ ಕರಗಿಹೋಯಿತು, ಶಾಸನದ ಕಲ್ಲು ಉಳಿಯಿತು.

ಹತ್ತನೆಯ ಶತಮಾನದ ಕೊನೆಯಿಂದ ಚಂಪಾದ ಚರಿತ್ರೆ ಉತ್ತರದ ವಿಯೆಟ್ನಾಮೀಯರಿಗೂ ಪಶ್ಚಿಮದ ಖ್ಮೇರರಿಗೂ ನಡುವೆ ಸಿಕ್ಕಿದ ರಾಜ್ಯವೊಂದರ ದೀರ್ಘ ಹೋರಾಟವಾಯಿತು. 982ರಲ್ಲಿ ವಿಯೆಟ್ನಾಮೀ ದೊರೆ ಲೆ ಹೋವಾನನು ಆಗಿನ ರಾಜಧಾನಿಯಾಗಿದ್ದ ಇಂದ್ರಪುರವನ್ನು ಧ್ವಂಸಮಾಡಿದ ತರುವಾಯ ರಾಜಧಾನಿ ದಕ್ಷಿಣದ ವಿಜಯವೆಂಬ ನಗರಕ್ಕೆ ಸರಿಯಿತು. ದೂರವಾದರೂ ದೇವರನ್ನು ಬಿಡಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ನಾಲ್ಕನೆಯ ಹರಿವರ್ಮನು ಹಾಳಾಗಿದ್ದ ಶ್ರೀಶಾನಭದ್ರೇಶ್ವರನ ಆಲಯವನ್ನು ಜೀರ್ಣೋದ್ಧಾರ ಮಾಡಿದನು. ಅವನ ತಮ್ಮನು ಖ್ಮೇರರ ಶಂಭುಪುರವನ್ನು ಗೆದ್ದು, ಅಲ್ಲಿನ ಗುಡಿಗಳನ್ನೆಲ್ಲ ಕೆಡವಿ, ಸೆರೆಹಿಡಿದವರನ್ನು ಶ್ರೀಶಾನಭದ್ರೇಶ್ವರನ ಗುಡಿಗಳ ಊಳಿಗಕ್ಕೆ ಒಪ್ಪಿಸಿದನೆಂಬ ಉಲ್ಲೇಖವಿದೆ. ಶಂಭುವಿನ ಹೆಸರಿನ ಊರಿನಲ್ಲಿ ಶಂಭುವಿನ ಆಲಯಗಳನ್ನು ಕೆಡವಿ ಶಂಭುವಿಗೇ ಅದರ ಫಲವನ್ನು ಅರ್ಪಿಸುವುದರಲ್ಲಿ ಆ ಕಾಲದ ರಾಜಧರ್ಮ ಯಾವ ವಿರೋಧವನ್ನೂ ಕಾಣಲಿಲ್ಲ. 1145ರಲ್ಲಿ ಅಂಗ್‌ಕೋರಿನ ಎರಡನೆಯ ಸೂರ್ಯವರ್ಮನು ವಿಜಯವನ್ನು ಆಕ್ರಮಿಸಿದನು. ಅವನ ಸೇನೆಯನ್ನು ಹಿಮ್ಮೆಟ್ಟಿಸಿದ ಒಂದನೆಯ ಜಯಹರಿವರ್ಮನು 1157ರ ಸುಮಾರಿಗೆ ಮಿ ಸನ್ನಿನ ದಿಣ್ಣೆಯೊಂದರ ಮೇಲೆ ಕಟ್ಟಿಸಿದ ಗುಡಿಯೇ ಈಗ ಜಿ ಎಂದು ಗುರುತಿಸುವ ಗುಡಿಗಳ ಗುಂಪಿನ ಕೇಂದ್ರ. ಆ ಬಳಿಕ ಮಿ ಸನ್ನಿನಲ್ಲಿ ಅಧಿಕಾರವಿದ್ದುದಾಗಿ ತಿಳಿದುಬರುವ ಕೊನೆಯ ಅರಸನು 1243ರ ಸುಮಾರಿನ ಐದನೆಯ ಜಯಇಂದ್ರವರ್ಮ. ಹದಿನೈದನೆಯ ಶತಮಾನದ ಆದಿಯಲ್ಲಿ ಈ ಸೀಮೆಯೆಲ್ಲ ವಿಯೆಟ್ನಾಮೀಯರ ವಶವಾಯಿತು; 1471ರಲ್ಲಿ ವಿಜಯವೂ ಬಿದ್ದಿತು.

ಕಾಡು ದೇವಾಲಯಗಳನ್ನು ನುಂಗಿತು ಎಂದು ಇಂಥ ಕ್ಷೇತ್ರಗಳ ವಿಷಯದಲ್ಲಿ ಬರೆಯುವುದು ರೂಢಿ. ಮಿ ಸನ್ನಿನ ಮಟ್ಟಿಗೆ ಈ ಮಾತು ಕಾರ್ಯಕಾರಣಗಳನ್ನು ತಲೆಕೆಳಗು ಮಾಡುತ್ತದೆ. ಸ್ಥಾಪನೆಯ ದಿನದಿಂದಲೂ ಕಾಡು ಅಲ್ಲಿದ್ದೇ ಇದ್ದಿತು. ಒಂಬತ್ತು ಶತಮಾನಗಳ ಕಾಲ ಗೋಡೆಯ ಬಿರುಕಿನಲ್ಲಿ ಮೊಳೆತ ಅತ್ತಿ-ಆಲದ ಸಸಿಗಳನ್ನು ಯಾರೋ ಕಿತ್ತರು, ತೊರೆಯ ದಡವನ್ನು ಯಾರೋ ಕಟ್ಟಿದರು, ಮಳೆಗಾಲ ಮುಗಿದೊಡನೆ ಯಾರೋ ದಾರಿ ಸವರಿದರು. ಆ ದತ್ತಿಭೂಮಿಯ ಒಕ್ಕಲುಗಳು ಚದುರಿ, ಹುಟ್ಟುವಳಿಯ ದಶಾಂಶ ಬರುವುದು ನಿಂತು, ಅರ್ಚಕರು ಚಂಪಾ ದೇಶದ ದಕ್ಷಿಣದಲ್ಲಿದ್ದ ಪಾಂಡುರಂಗವೆಂಬ ಸೀಮೆಯತ್ತ ಸರಿದ ಮೇಲೆಯೇ ಬೇರುಗಳು ಒಳನುಗ್ಗಿದ್ದು. ಹೊಸದಾಗಿ ಬಂದು ನೆಲೆಸಿದ ಬೇಸಾಯಗಾರರಿಗೆ ಅದು ಬೇರೊಂದು ಜನರ ದೇವರ ಕಾಡಾಗಿದ್ದಿತು. ಸೌದೆಗೂ ಬೇಟೆಗೂ ಒಳಹೊಕ್ಕವರು ಗೋಪುರಗಳನ್ನು ಕಾಣದಿರಲಿಲ್ಲ. ಕಂಡುದನ್ನು ಗ್ರಂಥಸ್ಥಗೊಳಿಸುವ ಕಾರಣ ಅವರಿಗಿರಲಿಲ್ಲ. ಆದಕಾರಣ 1898ರಲ್ಲಿ ಪಾರಿ ಎಂಬ ಫ್ರೆಂಚನೊಬ್ಬನು ಈ ಸ್ಥಳವನ್ನು ಕಂಡುಹಿಡಿದನೆಂಬುದನ್ನು, ಅಂದಿನಿಂದ ಇದು ವಿದ್ವಲ್ಲೋಕದ ಅರಿವಿಗೆ ಬಂದಿತೆಂಬ ಅರ್ಥದಲ್ಲಿ ಮಾತ್ರ ಗ್ರಹಿಸತಕ್ಕುದು.

ಮರುವರ್ಷ ಲುಯಿ ಫಿನೋ ಶಾಸನಗಳ ಅಧ್ಯಯನಕ್ಕೆ ತೊಡಗಿದನು. ಆನ್ರಿ ಪಾರ್ಮಾಂತಿಯೆ ಎಂಬ ವಾಸ್ತುಶಿಲ್ಪಿ ಮತ್ತು ಶಾರ್ಲ್ ಕಾರ್ಪೋ 1903-04ರಲ್ಲಿ ಕಾಡು ಕಡಿಸಿ, ಮಣ್ಣು ತೋಡಿಸಿ, ಗುಡಿಗಳ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಸಿದ್ಧಪಡಿಸಿದರು; ಪ್ರಸಿದ್ಧ ಶಿಲ್ಪಿಯೊಬ್ಬನ ಮಗನಾದ ಕಾರ್ಪೋ ಅದೇ 1904ರಲ್ಲಿ ಸೈಗಾನಿನಲ್ಲಿ ಅಸುನೀಗಿದನು. ಪಾರ್ಮಾಂತಿಯೆ ಎಪ್ಪತ್ತೊಂದು ಕಟ್ಟಡಗಳ ಅವಶೇಷಗಳನ್ನು ಗುರುತಿಸಿ, ಗುಂಪುಗಳನ್ನಾಗಿ ವಿಂಗಡಿಸಿ, ಒಂದೊಂದಕ್ಕೂ ರೋಮನ್ ಅಕ್ಷರವನ್ನೂ ಅಂಕಿಯನ್ನೂ ಕೊಟ್ಟನು. ಶಂಭುಭದ್ರೇಶ್ವರನ ಆಲಯಗಳು ಎ-1, ಬಿ-5, ಸಿ-1 ಎಂಬ ದಫ್ತರದ ಹೆಸರುಗಳಿಂದ ಲೋಕಪ್ರಸಿದ್ಧವಾದದ್ದು ಹೀಗೆ. 1937ರಿಂದ ಕೆಲವು ವರ್ಷ ಫ್ರೆಂಚರು ಎ-1ನ್ನೂ ಬಿ, ಸಿ, ಡಿ ಗುಂಪುಗಳ ಹಲವು ಗುಡಿಗಳನ್ನೂ ದುರಸ್ತಿ ಮಾಡಿದರು.

ಕಾಡು ಐದು ಶತಮಾನಗಳಲ್ಲಿ ಮಾಡಲಾರದುದನ್ನು ಯುದ್ಧ ಒಂದು ವಾರದಲ್ಲಿ ಮಾಡಿತು. ಮುಚ್ಚಿಕೊಂಡ ಕಣಿವೆ, ದಟ್ಟವಾದ ಮರಗಳು, ಒಂದೇ ದಾರಿ ಇವೇ ಗುಣಗಳು ವಿಯೆಟ್ನಾಮ್ ಯುದ್ಧಕಾಲದಲ್ಲಿ ಗೆರಿಲ್ಲಾ ಪಡೆಗೆ ಆಶ್ರಯವಾದುವು. 1969ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ವಿಮಾನಗಳು ಅಲ್ಲಿ ಸತತವಾಗಿ ಬಾಂಬುಗಳನ್ನು ಸುರಿದುವು. ಎ-1 ನೆಲಸಮವಾಯಿತು, ಅದರೊಡನೆ ಬಹುಸಂಖ್ಯೆಯ ಗುಡಿಗಳೂ ಕೆಡೆದುವು. ಫಿಲಿಪ್ ಸ್ಟರ್ನ್ ಅಮೆರಿಕದ ಅಧ್ಯಕ್ಷ ನಿಕ್ಸನ್ನನಿಗೆ ಪ್ರತಿಭಟನೆಯ ಪತ್ರ ಬರೆದ ಬಳಿಕ, ಉಳಿದ ಸ್ಮಾರಕಗಳಿಗೆ ಹಾನಿ ತಟ್ಟದಂತೆ ಆಜ್ಞೆಯಾಯಿತು. ಬಾಂಬು ಬಿದ್ದ ಗುಂಡಿಗಳನ್ನು ಗುಡಿಗಳ ನಡುವೆ ಇಂದಿಗೂ ಕಾಣಬಹುದು.

1975ರಲ್ಲಿ ಯುದ್ಧ ಮುಗಿದ ಮೇಲೆ ಹೂತಿದ್ದ ಸಿಡಿಗುಂಡುಗಳನ್ನು ತೆಗೆಯುವ ಕಾರ್ಯ ಮೊದಲಾಯಿತು. ಅದರಲ್ಲಿ ಕೆಲವರು ಪ್ರಾಣವನ್ನೂ ತೆತ್ತರು. 1980ರ ದಶಕದಲ್ಲಿ ಪೋಲೆಂಡ್ ದೇಶದ ವಾಸ್ತುಶಿಲ್ಪಿ ಕಾಜಿಮಿಯೆಶ್ ಕ್ವಿಯಾತ್ಕೋವ್ಸ್ಕಿ ವಿಯೆಟ್ನಾಮೀ ಸಹಕಾರಿಗಳೊಡನೆ ಕಾಡಿನಲ್ಲೇ ಬೀಡುಬಿಟ್ಟು ಬಿ, ಸಿ, ಡಿ ಗುಂಪುಗಳನ್ನು ಕುಸಿತದಿಂದ ಉಳಿಸಿದನು. ಇರುವ ಇಟ್ಟಿಗೆಯನ್ನು ಅದರ ಸ್ಥಾನದಲ್ಲಿ ಭದ್ರಪಡಿಸುವುದು ಸರಿ, ಇಲ್ಲದ ಶಿಖರವನ್ನು ಕಲ್ಪಿಸಿ ಕಟ್ಟುವುದು ಸಲ್ಲದು ಎಂಬುದು ಅವನ ನಿಯಮವಾಗಿದ್ದಿತು. ಎ-1 ಮರಳಿ ಏಳದಿದ್ದುದಕ್ಕೆ ವಿಷಾದಪಡುವವರು ಸಹ ಈ ನಿಯಮವನ್ನು ತಪ್ಪೆನ್ನಲಾರರು. ಅವನು 1997ರಲ್ಲಿ ವಿಯೆಟ್ನಾಮಿನಲ್ಲೇ ತೀರಿಕೊಂಡನು. ಹೊಯ್ ಆನ್‌ನಲ್ಲಿ ಅವನ ಸ್ಮಾರಕಪ್ರತಿಮೆಯಿದೆ. ಜಿ ಗುಂಪಿನ ಸಂರಕ್ಷಣೆಯನ್ನು ಇಟಲಿಯ ತಜ್ಞರು ಕೈಗೊಂಡರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2017ರಿಂದ 2022ರವರೆಗೆ ಎ, ಎಚ್, ಕೆ ಗುಂಪುಗಳಲ್ಲಿ ಕೆಲಸ ಮಾಡಿತು. 2020ರ ಮೇ ತಿಂಗಳಲ್ಲಿ ಎ-10 ಗುಡಿಯ ಮಣ್ಣಿನಡಿಯಿಂದ ಒಂಬತ್ತನೆಯ ಶತಮಾನದ, ಏಕಶಿಲೆಯ ಮರಳುಗಲ್ಲಿನ ಶಿವಲಿಂಗ ಅಖಂಡವಾಗಿ ಹೊರಬಂದುದು ಈ ಅವಧಿಯಲ್ಲಿಯೇ. ವಿಯೆಟ್ನಾಮ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ.

ಮಿ ಸನ್ನಿನಲ್ಲಿ ಈಗ ನಿತ್ಯಪೂಜೆಯಿಲ್ಲ. ಡಿ ಗುಂಪಿನ ಮಂಟಪಗಳಲ್ಲಿ ಶಿಲ್ಪಗಳನ್ನು ಜೋಡಿಸಿ ಇರಿಸಿದ್ದಾರೆ. ಪ್ರವಾಸಿಗರಿಗಾಗಿ ಚಾಮ್ ನೃತ್ಯದ ಪ್ರದರ್ಶನ ನಡೆಯುತ್ತದೆ. ಶಿವಾರಾಧನೆಯ ಪರಂಪರೆ ಮುಂದುವರಿದಿರುವುದನ್ನು ಕಾಣಬೇಕಾದರೆ ದಕ್ಷಿಣಕ್ಕೆ, ಫಾನ್ ರಾಂಗ್ ಪಟ್ಟಣದ ಸುತ್ತಲಿನ, ಬಲಮೋನ್ ಎನಿಸಿಕೊಳ್ಳುವ ಹಿಂದೂ ಚಾಮರ ಊರುಗಳಿಗೆ ಹೋಗಬೇಕು. ಹದಿಮೂರನೆಯ ಶತಮಾನದ ಕೊನೆಗೆ ಕಟ್ಟಿದ ಪೋ ಕ್ಲಾಂಗ್ ಗರಾಯ್ ಗುಡಿಯಲ್ಲಿ, ಅರಸನೆಂದೂ ದೇವರೆಂದೂ ಒಟ್ಟಿಗೆ ಭಾವಿಸಲಾಗುವ ಮುಖಲಿಂಗಕ್ಕೆ, ಕಾಟೆ ಹಬ್ಬದ ದಿನ ಅವರು ಮಜ್ಜನ ಮಾಡಿಸಿ ವಸ್ತ್ರ ಉಡಿಸುತ್ತಾರೆ. ಇನ್ನು ಮಿ ಸನ್ನಿನ ಶ್ರೇಷ್ಠ ಶಿಲ್ಪಗಳು, ಇ-1ರ ಪೀಠ, ಸಿ-1ರಲ್ಲಿ ನಿಂತಿದ್ದ ಶಿವಮೂರ್ತಿ ಮೊದಲಾದುವು, 1919ರಲ್ಲಿ ತೆರೆದ ದ ನಾಂಗ್ ವಸ್ತುಸಂಗ್ರಹಾಲಯದಲ್ಲಿವೆ. ಕಣಿವೆಗೆ ಹೋಗುವವರು ಮೊದಲು ಇವನ್ನು ನೋಡಿಕೊಂಡು ಹೋಗುವುದು ಮೇಲು. ಬರಿದಾದ ಗರ್ಭಗೃಹಗಳಲ್ಲಿ ಏನೇನು ಎಲ್ಲೆಲ್ಲಿ ಇದ್ದಿತೆಂಬುದನ್ನು ಊಹಿಸಿಕೊಳ್ಳಲು ಅದರಿಂದ ಅನುಕೂಲವಾಗುತ್ತದೆ.